ರಾಹುಕಾಲಕ್ಕೆ ಮುಂಚಿನ ಮರಳು

ಕುವೈತಿನಲ್ಲಿ ಕಣಿವೆಗಳಿವೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಮೈಸೂರಿನಲ್ಲಿರುವ ನನ್ನ ಭಾವಮೈದನಂತೂ, "ಭಾವ, ಅಲ್ಲಿರೋದು ಎಣ್ಣೆ, ಮರಳು, ಏಸಿ. ಕಣಿವೆ ಎಲ್ಲಿಂದ ಬಂತು?" ಎಂದು ಪ್ರತಿ ಸಲ ಕೇಳುತ್ತಾನೆ. ಅವನದೇನೂ ತಪ್ಪಿಲ್ಲ. ಇಲ್ಲೇ ಇಪ್ಪತ್ತು ವರ್ಷದಿಂದ ಇರುವವರೂ ರಿಗ್ಗೈಯ ಫ್ಲಾಟು, ಫರ್ವಾನಿಯಾದ ಅಂಗಡಿ, ಆಫೀಸು, ವಾರಕ್ಕೊಮ್ಮೆ ಮಾಲು, ಇಷ್ಟರಲ್ಲೇ ಗಿರಕಿ ಹೊಡೆದು ಕುವೈತ್ ಪೂರ್ತಿ ನೋಡಿದೆವು ಎನ್ನುತ್ತಾರೆ. ಜಹ್ರಾ ದಾಟಿ ಉತ್ತರಕ್ಕೆ ಹೋದರೆ, ಅಲ್ಲಿಯವರೆಗೆ ಚಾಪೆ ಹಾಸಿದಂತಿದ್ದ ನೆಲ ಒಮ್ಮೆಗೇ ಎದ್ದು ನಿಲ್ಲುತ್ತದೆ. ಮುತ್ಲಾ ಎಂದು ಕರೆಯುವ ಆ ದಿಬ್ಬದ ಸಾಲು ಕೊಲ್ಲಿಯ ಗುಂಟ ದೂರದವರೆಗೆ ಹೋಗುತ್ತದೆ. ಮಳೆ ಬರುವುದು ಅಪರೂಪ, ಬಂದರೆ ಮಾತ್ರ ಮೈಮೇಲೆ ಬಂದಂತೆ ಬರುತ್ತದೆ. ಆ ನೀರು ಯಾವ ಕಾಲದಿಂದಲೋ ಕೊರೆದ ಕೊರಕಲುಗಳು ಅಲ್ಲಿ ಒಂದರ ಪಕ್ಕ ಒಂದಿವೆ. ಹಳದಿ, ಕೆಂಪು, ಬಿಳಿ ಪದರಗಳ ಗೋಡೆಗಳು, ನಡುವೆ ಮರಳಿನ ನೆಲ. ನನಗೆ ಆ ಜಾಗದ ಹುಚ್ಚು.

ನಾನು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರು. ಅಲ್ಲಿ ಒಂದು ಬೋಲ್ಟು ಬಿಚ್ಚಬೇಕಾದರೂ ಮೂರು ಜನರ ಒಪ್ಪಿಗೆ ಬೇಕು. ಆ ಶಿಸ್ತಿನ ಸೇಡನ್ನು ನಾನು ವಾರದ ಕೊನೆಯಲ್ಲಿ ಮರಳಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಚಳಿಗಾಲ ಬಂತೆಂದರೆ ನಮ್ಮ ನಾಲ್ಕು ಗಾಡಿಗಳ ಗುಂಪು ಶುಕ್ರವಾರ ಹೊರಟು, ಕೊರಕಲಿನೊಳಗೆ ಇಳಿದು, ರಾತ್ರಿ ಟೆಂಟಿನಲ್ಲಿ ಕಳೆದು, ಶನಿವಾರ ಮೇಲೆ ಹತ್ತಿ ಮನೆ ಸೇರುವುದು. ಎಲ್ಲರೂ ಕರ್ನಾಟಕದವರೇ. ಮುಂದಿನ ಗಾಡಿ ಯಾವಾಗಲೂ ನನ್ನದು. ವಾಕಿಟಾಕಿಯಲ್ಲಿ ಎಡಕ್ಕೆ, ಬಲಕ್ಕೆ, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡಿ ಎಂದು ಅಪ್ಪಣೆ ಕೊಡುತ್ತಾ ಹೋಗುವುದರಲ್ಲಿ ಸಿಗುವ ಸುಖ ನನಗೆ ಬಡ್ತಿ ಸಿಕ್ಕ ದಿನವೂ ಸಿಕ್ಕಿರಲಿಲ್ಲ. ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು, ಕಿಟಕಿಯ ಮೇಲಿನ ಹಿಡಿ ಹಿಡಿದುಕೊಂಡು, ಮಾತಿಲ್ಲದೆ ನೋಡುತ್ತಿದ್ದಳು. ಹೆದರಿ ಸುಮ್ಮನಿದ್ದಾಳೆ ಎಂದು ನಾನು ತಿಳಿದಿದ್ದೆ.

ನಮ್ಮ ಗುಂಪಿಗೆ ಎರಡು ಕಟ್ಟುಪಾಡುಗಳು. ಡಾಂಬರು ಬಿಟ್ಟು ಮರಳಿಗೆ ಇಳಿಯುವ ಮೊದಲು ನಾಲ್ಕೂ ಚಕ್ರಗಳ ಅಡಿ ನಿಂಬೆಹಣ್ಣು ಇಡಬೇಕು. ಶನಿವಾರ ರಾಹುಕಾಲ ಕಳೆದ ಮೇಲೇ ಮೇಲಕ್ಕೆ ಹತ್ತಬೇಕು. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಅಲ್ಲಿಯವರೆಗೆ ಇಡ್ಲಿ, ಉಪ್ಪಿಟ್ಟು, ಮತ್ತೊಂದು ಸುತ್ತು ಕಾಫಿ. ನಾನು ಇವನ್ನೆಲ್ಲ ನಂಬುವವನಲ್ಲ, ಹಾಗೆಂದು ಮೀರುವವನೂ ಅಲ್ಲ. ಹತ್ತೂವರೆ ಕಳೆದ ಮೇಲೆ ಏರಿಗೆ ಗಾಡಿ ಹಚ್ಚಿದರೆ ಅದು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಇಂಜಿನ್ನು ಅರಚಬೇಕು, ಮರಳು ಕಾರಂಜಿಯಂತೆ ಹಾರಬೇಕು, ಒಬ್ಬರಾದರೂ ಹೂತುಕೊಳ್ಳಬೇಕು, ಸಲಿಕೆ ಹೊರಗೆ ಬರಬೇಕು. ಆ ಏರು ಬಲು ಕಷ್ಟದ್ದು ಎಂದು ಕಂಡವರಿಗೆಲ್ಲ ಹೇಳಿ ಅದಕ್ಕೆ ಹೆಸರು ತಂದುಕೊಟ್ಟವರು ನಾವೇ.

ಹೋದ ವರ್ಷದ ಬೇಸಿಗೆಯಲ್ಲಿ ನನ್ನ ಎಡಗಣ್ಣಿನ ಒಳಪರದೆ ಕಿತ್ತುಕೊಂಡಿತು. ಎರಡು ಸಲ ಆಪರೇಷನ್ ಆಯಿತು. ನೋಡುವವರಿಗೆ ಕಣ್ಣು ಮೊದಲಿನ ಹಾಗೇ ಇದೆ, ನನಗೆ ಅದರಲ್ಲಿ ಕಾಣುವುದು ಬರೀ ಮಸುಕು. ಒಂದೇ ಕಣ್ಣಾದರೆ ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಮೇಲೆ ಬೀಳುತ್ತದೆ. ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಲಿನಿಂದ ತಡಕಬೇಕು. ಹಳ್ಳ ಯಾವುದು, ನೆರಳು ಯಾವುದು ತಿಳಿಯುವುದಿಲ್ಲ. ಮರಳಿನಲ್ಲಿ ಇನ್ನು ಗಾಡಿ ಓಡಿಸುವುದು ಬೇಡವೇ ಬೇಡ ಎಂದರು ಡಾಕ್ಟರು. ನಾನು ಸಿಟ್ಟಿನಲ್ಲಿ ಊರೊಳಗೆ ಓಡಿಸುವುದನ್ನೂ ಬಿಟ್ಟೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲು ಗೊತ್ತಿರಲಿಲ್ಲ.

ದೊಡ್ಡ ಗಾಡಿ ಕಟ್ಟಡದ ಕೆಳಗೆ ಧೂಳು ತಿನ್ನುತ್ತಾ ನಿಂತಿತು. ನಮ್ಮ ಗುಂಪಿನಲ್ಲಿ ಮಂಗಳೂರಿನವರೊಬ್ಬರಿದ್ದಾರೆ, ಸಾಲ್ಮಿಯಾದಲ್ಲಿ ಹೋಟೆಲು ಮ್ಯಾನೇಜರು, ನನಗಿಂತ ಹತ್ತು ವರ್ಷ ಚಿಕ್ಕವರು. ಅವರಿಗೆ ನನ್ನ ಗಾಡಿಯ ಮೇಲೆ ಮೊದಲಿನಿಂದಲೂ ಕಣ್ಣು. "ಕೊಡುದಾದ್ರೆ ನಂಗೇ ಕೊಡಿ ಸರ್, ಬೇರೆಯವರ ಕೈಗೆ ಹಾಕ್ಬೇಡಿ" ಎಂದರು. ಕೊಟ್ಟುಬಿಡುವುದೆಂದು ನಾನೂ ಮನಸ್ಸು ಗಟ್ಟಿ ಮಾಡಿದೆ. ಗಾಡಿ ಹೋದರೆ ಕೊರಕಲುಗಳೂ ಹೋದಂತೆ. ಇನ್ನೊಬ್ಬರ ಗಾಡಿಯ ಹಿಂದಿನ ಸೀಟಿನಲ್ಲಿ ನೆಂಟನ ಹಾಗೆ ಕೂತು ಹೋಗುವುದು ನನ್ನ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಹಾಗಾಗಿ ಆ ಚಳಿಗಾಲ ನಾನು ಮಾರುತ್ತಿದ್ದದ್ದು ಬರೀ ಗಾಡಿಯನ್ನಲ್ಲ ಎಂಬುದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಒಂದು ಸಂಜೆ ಅವಳು ಚಪಾತಿ ಲಟ್ಟಿಸುತ್ತಾ, "ನಾನು ಓಡಿಸ್ತೀನಿ" ಎಂದಳು.

"ಏನನ್ನ?"

"ದೊಡ್ಡ ಗಾಡೀನ. ಮುತ್ಲಾಕ್ಕೆ. ಇಳಿಸೋದೂ ನಾನೇ, ಹತ್ತಿಸೋದೂ ನಾನೇ. ಆಗ್ಲಿಲ್ಲ ಅಂದ್ರೆ ಅಲ್ಲೇ ಬೀಗದ ಕೈ ಅವರ ಕೈಗೆ ಕೊಟ್ಬಿಡಿ. ಆಯ್ತು ಅಂದ್ರೆ ಗಾಡಿ ಮನೇಲೇ ಇರುತ್ತೆ."

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಹದಿನೈದು ವರ್ಷದಿಂದ ಸಣ್ಣ ಕಾರಿನಲ್ಲಿ ಕ್ಲಿನಿಕ್ಕಿಗೆ ಹೋಗಿ ಬರುತ್ತಾಳೆ. ಮರಳಿನಲ್ಲಿ ಒಂದು ಮಾರು ದೂರವೂ ಓಡಿಸಿದವಳಲ್ಲ. ನಾನು ನಗಬೇಕೋ ಬೈಯಬೇಕೋ ತಿಳಿಯದೆ ಕೂತೆ. ಕೋಣೆಯಲ್ಲಿ ಓದುತ್ತಿದ್ದ ಮಗಳು ತಲೆ ಹೊರಗೆ ಹಾಕಿ, "ಅಮ್ಮಾ, ಜಸ್ಟ್ ಡೋಂಟ್ ಲೆಟ್ ಅಪ್ಪಾ ಟಾಕ್" ಎಂದು ಹೇಳಿ ಮತ್ತೆ ಬಾಗಿಲು ಹಾಕಿಕೊಂಡಳು. ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ದಿನ ಅದೂ ಒಳ್ಳೆಯದಕ್ಕೇ ಆಯಿತು, ಇಲ್ಲದಿದ್ದರೆ ಇನ್ನೂ ಕಟುವಾಗಿ ಕೇಳಿಸುತ್ತಿತ್ತು.

ಜನವರಿಯ ಒಂದು ಶುಕ್ರವಾರ ಊಟ ಮುಗಿಸಿ ನಾವಿಬ್ಬರೂ ಹೊರಟೆವು. ಕೆಳಗೆ ಗಾಡಿ ಹತ್ತಿ ಅವಳು ಮಾಡಿದ ಮೊದಲ ಕೆಲಸ ಸೀಟನ್ನು ಮುಂದಕ್ಕೆ ಎಳೆದುಕೊಂಡದ್ದು. ಕಟಕಟ ಎಂದು ಅದು ಹಲ್ಲು ಹಲ್ಲಾಗಿ ಮುಂದೆ ಹೋಯಿತು. ಹನ್ನೊಂದು ವರ್ಷ ಆ ಸೀಟು ಇದ್ದ ಜಾಗ ಬಿಟ್ಟು ಕದಲಿರಲಿಲ್ಲ. ನಾನು ಅವಳ ಸೀಟಿನಲ್ಲಿ ಕೂತೆ. ಅದು ಅವಳ ಅಳತೆಗೆ ಇದ್ದದ್ದು, ನನ್ನ ಮೊಣಕಾಲು ಮುಂದಿನ ಡ್ಯಾಶ್‌ಬೋರ್ಡಿಗೆ ಒತ್ತುತ್ತಿತ್ತು. "ಹಿಂದಕ್ಕೆ ಮಾಡ್ಕೊಳ್ಳಿ" ಎಂದಳು. "ಇರಲಿ ಬಿಡು, ಒಂದು ದಿನದ ಮಾತು" ಎಂದೆ. ಇಲ್ಲಿ ಸ್ಟೀರಿಂಗು ಎಡಗಡೆ. ಎಡಗಣ್ಣಿಲ್ಲದ ನನಗೆ ಎಡಗಡೆ ಕೂತವಳು ಕಾಣಬೇಕಾದರೆ ಕತ್ತನ್ನು ಪೂರ್ತಿ ತಿರುಗಿಸಬೇಕಿತ್ತು. ಹಾಗೆ ತಿರುಗಿಸಿ ನೋಡಿದಾಗಲೆಲ್ಲ ಅವಳು ರಸ್ತೆಯನ್ನೇ ನೋಡುತ್ತಿದ್ದಳು.

ದಿಬ್ಬದ ಮೇಲೆ ಉಳಿದ ಮೂರು ಗಾಡಿಗಳು ಕಾಯುತ್ತಿದ್ದವು. ಟೈರಿನ ಗಾಳಿ ಅರ್ಧಕ್ಕೆ ಇಳಿಸಿದೆವು. ಗಾಳಿ ತುಂಬಿದ ಟೈರು ಮರಳನ್ನು ಕೊರೆಯುತ್ತದೆ, ಗಾಳಿ ಇಳಿದ ಟೈರು ಅಗಲವಾಗಿ ಹರಡಿ ಅದರ ಮೇಲೆ ನಡೆಯುತ್ತದೆ. ನಿಂಬೆಹಣ್ಣು ಇಟ್ಟಾಯಿತು, ಹೆಂಡತಿ ಗಾಡಿ ಹತ್ತಿಸಿಯೂ ಆಯಿತು. ಮೆತ್ತನೆಯ ಟೈರು, ಮೆತ್ತನೆಯ ಮರಳು, ನಾಲ್ಕರಲ್ಲಿ ಒಂದೂ ಒಡೆಯಲಿಲ್ಲ. ಮಂಗಳೂರಿನವರು ಅವನ್ನು ಹೆಕ್ಕಿ ಒರೆಸಿ, "ಇದು ಶಕುನ ಒಳ್ಳೇದೋ ಕೆಟ್ಟದ್ದೋ ಮಾರಾಯ್ರೆ?" ಎಂದು ಕೇಳಿದರು. ಹೆಂಡತಿ, "ರಾತ್ರಿ ಸಾರಿಗೆ ಹಿಂಡೋಣ, ಕೊಡಿ" ಎಂದು ಈಸಿಕೊಂಡು ಬುಟ್ಟಿಗೆ ಹಾಕಿದಳು.

ಕೊರಕಲಿನ ಅಂಚಿಗೆ ಹೋಗಿ ನಿಲ್ಲುವುದು ನನ್ನ ಹಳೆಯ ಅಭ್ಯಾಸ. ಆ ದಿನ ಹತ್ತು ಹೆಜ್ಜೆ ಹಿಂದೆಯೇ ನಿಂತೆ. ಎದುರಿಗೆ ಎಲ್ಲ ಇತ್ತು. ಪದರ ಪದರದ ಗೋಡೆ, ಆಚೆಗೆ ಕೊಲ್ಲಿಯ ನೀರು, ನೀರಿನಾಚೆ ಮಂಜಿನಲ್ಲಿ ನಗರದ ಗೋಪುರಗಳು. ಎಲ್ಲವೂ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಚಿತ್ರದ ಹಾಗೆ ಒಂದರ ಮೇಲೊಂದು ಒತ್ತಿಕೊಂಡಿತ್ತು. ಆಳವೇ ಇಲ್ಲ. ಯಾವುದಕ್ಕಾಗಿ ಇಷ್ಟು ವರ್ಷ ಇಲ್ಲಿಗೆ ಓಡಿ ಬರುತ್ತಿದ್ದೆನೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು.

ಅವಳು ಪಕ್ಕಕ್ಕೆ ಬಂದು ನಿಂತಳು. ಕೈ ಹಿಡಿಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಗ್ಗಿ ಒಂದು ಕಲ್ಲು ತೆಗೆದು ಅಂಚಿನಾಚೆಗೆ ಎಸೆದಳು. ಏನೂ ಕೇಳಿಸಲಿಲ್ಲ. ಬಹಳ ಹೊತ್ತು ಎನಿಸಿದ ಮೇಲೆ ಕೆಳಗೆಲ್ಲೋ ಟಕ್ ಎಂದಿತು, ಆಮೇಲೆ ಇನ್ನೂ ಕೆಳಗೆ ಇನ್ನೊಂದು ಸಣ್ಣ ಟಕ್. "ಇದು ಇಷ್ಟು" ಎಂದಳು. ಇನ್ನೊಂದನ್ನು ಬಲಗಡೆಗೆ ಎಸೆದಳು. ಅದು ಬೇಗ ಬಿತ್ತು. "ಅಲ್ಲಿ ಕಡಿಮೆ. ನಾವು ಇಳಿಯೋದು ಅಲ್ಲಿ." ಮೂರನೆಯದನ್ನು ನನ್ನ ಕೈಗೆ ಕೊಟ್ಟಳು. ಎಸೆದೆ. ಕಣ್ಣು ಮುಚ್ಚಿ ಕೇಳಿಸಿಕೊಂಡೆ. ಕೊರಕಲು ತನ್ನ ಜಾಗಕ್ಕೆ ವಾಪಸು ಬಂತು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ ಹೆಂಡತಿಯನ್ನು ಕಂಡು ಬೆರಗಾಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಇಳಿಯುವಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಲೋ ಗೇರ್ ಹಾಕು, ಬ್ರೇಕು ಮುಟ್ಟಬೇಡ, ಎಡಕ್ಕೆ, ಸ್ವಲ್ಪ ಎಡಕ್ಕೆ, ಎಷ್ಟು ಎಡ, ಸಾಕು. ಅರ್ಧ ದಾರಿಯಲ್ಲಿ ಅವಳು ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ರೀ, ಬಾಯಿ ಮುಚ್ಕೊಳ್ಳಿ."

ದಿನವಿಡೀ ಊರಿನವರಿಗೆಲ್ಲ ಬಾಯಿ ತೆಗೆಯಿರಿ ಎನ್ನುವವಳು ನನಗೊಬ್ಬನಿಗೆ ಮುಚ್ಚಿ ಎಂದದ್ದು. ಮುಚ್ಚಿದೆ. ಅವಳು ಇಳಿಜಾರು ಮುಗಿಯುವವರೆಗೆ ಗಾಡಿಯನ್ನು ಇಂಚಿಂಚಾಗಿ ಬಿಟ್ಟಳು. ನನ್ನ ಕೈಯಲ್ಲಿದ್ದಾಗ ಅದು ಹಾರುತ್ತಿತ್ತು, ಅವಳ ಕೈಯಲ್ಲಿ ಅದು ಮೆಟ್ಟಿಲಿಳಿಯಿತು. ತಳ ಮುಟ್ಟಿ, ಟೆಂಟು ಹಾಕುವ ಜಾಗ ಇನ್ನೇನು ಬಂತು ಎನ್ನುವಾಗ ಹಿಂದಿನ ಚಕ್ರಗಳು ಹುಡಿಮರಳಿಗೆ ಸಿಕ್ಕಿದವು. ಅವಳು ಗಾಬರಿಯಾಗಿ ಆಕ್ಸಿಲರೇಟರು ಒತ್ತಿದಳು, ಎಲ್ಲರೂ ಮೊದಲ ಸಲ ಮಾಡುವ ತಪ್ಪು ಅದು. ಗಾಡಿ ಹೊಟ್ಟೆಯವರೆಗೆ ಕೂತಿತು.

ಸಲಿಕೆ ಹೊರಬಂತು. ಮಂಗಳೂರಿನವರು ಬಗ್ಗಿ ಚಕ್ರ ನೋಡುವ ನೆಪದಲ್ಲಿ ಗಾಡಿಯ ಅಡಿಭಾಗವನ್ನೆಲ್ಲ ತಡವಿ ಪರೀಕ್ಷೆ ಮಾಡಿದರು. ಹುಡುಗಿ ನೋಡಲು ಬಂದವರ ಹಾಗೆ ನೋಡಬೇಡಿ ಎನ್ನಬೇಕೆನಿಸಿತು. ಅವರು ಒಳ್ಳೆಯವರೇ. "ಅಕ್ಕ, ಇಳಿಸಿದ್ದೇ ದೊಡ್ಡದು. ನಾಳೆ ಹತ್ತುದು ನಾನು ನೋಡಿಕೊಳ್ತೇನೆ, ನಿಮಗೆ ಟೆನ್ಷನ್ ಬೇಡ" ಎಂದರು. ಇವಳು ಮೊಣಕಾಲೂರಿ ಕೈಯಿಂದಲೇ ಚಕ್ರದ ಹಿಂದಿನ ಮರಳು ತೆಗೆಯುತ್ತಿದ್ದಳು. ಆಳದಿಂದ ಬಂದ ಒಂದು ಹಿಡಿ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ, "ನೋಡೋಣ" ಎಂದಳು. ಅವಳ ಮುಖ ಕೆಂಪಾಗಿತ್ತು. ಖಲಾಸ್, ಗಾಡಿ ಹೋಯಿತು ಎಂದು ನಾನು ಲೆಕ್ಕ ಹಾಕಿದೆ.

ಕತ್ತಲಾಗುವ ಮೊದಲು ಎಲ್ಲರೂ ಸೇರಿ ಗಾಡಿಯನ್ನು ಮರಳಿನಿಂದ ಎತ್ತಿಸಿದೆವು. ಸಂಜೆ ಅವರೆಕಾಳಿನದು. ಜನವರಿಯಲ್ಲಿ ನಮ್ಮ ಕಡೆಯ ಸೊಗಡಿನ ಅವರೆ ವಿಮಾನ ಹತ್ತಿ ಇಲ್ಲಿಯ ಅಂಗಡಿಗೂ ಬರುತ್ತದೆ. ಬೆಳಿಗ್ಗೆ ನೆನೆಹಾಕಿದ ಕಾಳು ಡಬ್ಬಿಯಲ್ಲಿ ದಾರಿಯುದ್ದಕ್ಕೂ ಕುಲುಕಾಡಿ ಬಂದಿತ್ತು. ಕೆಂಡದ ಸುತ್ತ ಕೂತು ಎಲ್ಲರೂ ಹಿತಕಿದೆವು. ಮಂಗಳೂರಿನವರ ಹೆಂಡತಿಗೆ ಈ ಕೆಲಸ ಹೊಸದು. ಅವರು ಒತ್ತಿದರೆ ಬೇಳೆ ಪುಳಕ್ ಎಂದು ಹಾರಿ ಮರಳಿಗೆ ಬೀಳುತ್ತಿತ್ತು. "ಇಷ್ಟು ಕಷ್ಟಪಟ್ಟು ತಿನ್ಲಿಕ್ಕೆ ಇದರಲ್ಲಿ ಎಂತ ಉಂಟು?" ಎಂದು ಅವರು ಕೇಳಿದರು. ಸಾರು ತಟ್ಟೆಗೆ ಬಿದ್ದ ಮೇಲೆ ಮತ್ತೆ ಕೇಳಲಿಲ್ಲ. ಅವರು ತಂದಿದ್ದ ಮೀನು ಇನ್ನೊಂದು ಕಡೆ ಕಾವಲಿಯ ಮೇಲೆ ಚುರುಗುಟ್ಟುತ್ತಿತ್ತು. ಚಕ್ರದ ಅಡಿಯಿಂದ ಬಂದ ನಿಂಬೆಹಣ್ಣು ಎರಡಕ್ಕೂ ಹಿಂಡಲಾಯಿತು. ಗೋಡೆಗಳ ನಡುವಿನ ಸೀಳಿನಲ್ಲಿ ನಕ್ಷತ್ರಗಳು ಬಂದವು. ಅವುಗಳ ವಿಷಯದಲ್ಲಿ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಅಷ್ಟು ದೂರಕ್ಕೆ ಒಂದು ಕಣ್ಣಾದರೇನು, ಎರಡಾದರೇನು.

ಬೆಳಕು ಹರಿಯುವ ಮುಂಚೆ ಅವಳು ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಟೆಂಟಿನ ಬಟ್ಟೆ ಒದ್ದೆಯಾಗಿ ತೊಟ್ಟಿಕ್ಕುತ್ತಿತ್ತು. ಚಳಿಗಾಲದಲ್ಲಿ ಕೊಲ್ಲಿಯ ಕಡೆಯಿಂದ ಬರುವ ಇಬ್ಬನಿ ಹೀಗೇ, ಮಳೆ ಬಂದು ಹೋಯಿತೇನೋ ಅನ್ನಿಸುತ್ತದೆ.

"ಬನ್ನಿ, ಒಂದು ತೋರಿಸ್ಬೇಕು."

ಬರಿಗಾಲಿನಲ್ಲಿ ನಡೆಸಿಕೊಂಡು ಹೋದಳು. ಏರಿನ ಬುಡದಲ್ಲಿ ನಿಂತು, ಹಳೆಯ ಚಕ್ರಗಳ ಗುರುತಿನ ಮೇಲೆಯೇ ನಾಲ್ಕು ಹೆಜ್ಜೆ ಹತ್ತಿದಳು. ಯುದ್ಧಕಾಲದ ಸಿಡಿಮದ್ದು ಎಲ್ಲಾದರೂ ಉಳಿದಿರಬಹುದೆಂಬ ಭಯಕ್ಕೆ ಆ ಗುರುತು ಬಿಟ್ಟು ಯಾರೂ ಆಚೀಚೆ ಕಾಲಿಡುವುದಿಲ್ಲ. ಬಗ್ಗಿ ಒಂದು ಹಿಡಿ ಮರಳು ತೆಗೆದು, ಮುಷ್ಟಿ ಬಿಗಿದು, ನನ್ನ ಅಂಗೈ ಮೇಲೆ ಬಿಟ್ಟಳು. ರವೆಉಂಡೆಯ ಹಾಗೆ ಅದು ಕೂತಿತು. ಬೆರಳಿನ ಗೆರೆಗಳು ಸಹ ಅದರ ಮೇಲೆ ಮೂಡಿದ್ದವು.

"ಹದ ಬಂದಿದೆ" ಎಂದಳು. "ನಿನ್ನೆ ಚಕ್ರದ ಹಿಂದೆ ಕೆದಕ್ತಿದ್ದೆನಲ್ಲ, ಆಗ್ಲೇ ಅನ್ನಿಸ್ತು. ಮೇಲೆ ಒಣಗಿದೆ, ಕೆಳಗೆ ತಂಪಿದೆ. ರಾತ್ರಿ ಇಬ್ಬನಿ ಬಿದ್ರೆ ಮೇಲಿಂದೂ ಹಿಡ್ಕೊಳ್ಳುತ್ತೆ. ಬಿಸಿಲು ಬಂದು ಎರಡು ಗಂಟೆ ಆದ್ರೆ ಮತ್ತೆ ಹುಡಿ ಆಗುತ್ತೆ. ಈಗ್ಲೇ ಹತ್ಬೇಕು."

"ಈಗ್ಲಾ? ತಿಂಡಿ ಆಗಿಲ್ಲ. ಮತ್ತೆ ರಾಹುಕಾಲ..."

"ರಾಹುಕಾಲ ಒಂಬತ್ತಕ್ಕೆ ತಾನೆ? ಕಳೆದ ಮೇಲೇ ಯಾಕೆ ಹೋಗ್ಬೇಕು? ಬರೋಕೆ ಮುಂಚೆ ಹೋದ್ರೂ ಆಯ್ತಲ್ಲ."

ನಾನು ಅಂಗೈಯಲ್ಲಿದ್ದ ಉಂಡೆಯನ್ನು ನೋಡುತ್ತಾ ನಿಂತೆ. ಇಷ್ಟು ವರ್ಷ ನಾವು ಮಾಡಿದ್ದು ಇಷ್ಟೇ. ಕೆಟ್ಟ ಗಳಿಗೆ ಕಳೆಯಲಿ ಎಂದು ಇಡ್ಲಿ ತಿನ್ನುತ್ತಾ ಕೂತು, ಬಿಸಿಲು ಮರಳನ್ನು ಚೆನ್ನಾಗಿ ಹುರಿದುಕೊಡುವವರೆಗೆ ಕಾದು, ಆಮೇಲೆ ಅದರ ಮೇಲೆ ಪರಾಕ್ರಮ ತೋರಿಸುವುದು. ನನಗೆ ನಗುವೂ ಬಂತು, ಉರಿಯೂ ಬಂತು. ಉರಿ ನನ್ನ ಮೇಲೆಯೇ.

ಒದ್ದೆ ಟೆಂಟನ್ನು ಹಾಗೇ ಮಡಚಿ, ಸಾಮಾನು ತುಂಬಿಕೊಂಡು ಗಾಡಿ ಹತ್ತಿದೆವು. ನಾನು ಶಾಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ, ಮಾತು ಬಂದರೂ ಅರ್ಥವಾಗದಿರಲಿ ಎಂದು. ಅವಳು ಒಂದೇ ಸಮನೆ ಹತ್ತಿಸತೊಡಗಿದಳು. ಮರಳು ಹಾರಲಿಲ್ಲ, ಇಂಜಿನ್ನು ಅರಚಲಿಲ್ಲ. ಮುಕ್ಕಾಲು ಏರಿದ ಮೇಲೆ ದಾರಿ ಬಲಕ್ಕೆ ಹೊರಳುತ್ತದೆ. ಅಲ್ಲಿ ಅವಳ ಕಾಲು ಹಿಂಜರಿಯಿತು. ಗಾಡಿ ಎರಡು ಸಲ ತುಯ್ದು ನಿಂತಿತು. ಎದುರಿಗೆ ಬರೀ ಆಕಾಶ, ಹಿಂದೆ ಅಷ್ಟೂ ಇಳಿಜಾರು. ಇಂಥ ಕಡೆ ಹೊಸಬರು ಸ್ಟೀರಿಂಗು ತಿರುಗಿಸಿ ಹೊರಳಿಸಲು ನೋಡುತ್ತಾರೆ, ಗಾಡಿ ಅಡ್ಡಡ್ಡ ಉರುಳುವುದು ಆಗಲೇ. ನೇರ ಹಿಂದಕ್ಕೇ ಇಳಿಯಬೇಕು. ಶಾಲು ಉಗುಳಿ ಅದನ್ನು ಹೇಳಲು ಹೊರಟೆ.

ಅವಳು ಆಗಲೇ ರಿವರ್ಸಿಗೆ ಹಾಕಿದ್ದಳು. ತಲೆ ಹಿಂದಕ್ಕೆ ತಿರುಗಿಸಲಿಲ್ಲ. ಪಕ್ಕದ ಎರಡು ಕನ್ನಡಿಗಳನ್ನು ಒಂದಾದ ಮೇಲೊಂದು ನೋಡುತ್ತಾ, ಹತ್ತಿದ ಗುರುತಿನ ಮೇಲೆಯೇ ಗೆರೆ ಎಳೆದಂತೆ ಕೆಳಗೆ ಬಂದಳು. ಕತ್ತು ಪೂರ್ತಿ ಹೊರಳಿಸಿ ಅವಳ ಮುಖವನ್ನೇ ನೋಡುತ್ತಿದ್ದೆ. ಎಲ್ಲೋ ನೋಡಿದ ಮುಖ ಎನಿಸಿತು. ಆಮೇಲೆ ಹೊಳೆಯಿತು, ಒಮ್ಮೆ ನನ್ನ ದವಡೆಯ ಹಲ್ಲಿಗೆ ಸಿಮೆಂಟು ತುಂಬುವಾಗ ಅವಳ ಮುಖ ಹೀಗೇ ಇತ್ತು. ಹಿಂಬದಿಯ ಹಲ್ಲನ್ನು ಅವಳು ಯಾವತ್ತೂ ನೇರವಾಗಿ ನೋಡುವುದಿಲ್ಲ. ಸಣ್ಣ ಕನ್ನಡಿಯಲ್ಲಿ ನೋಡಿಕೊಂಡೇ ಕೆಲಸ ಮಾಡುತ್ತಾಳೆ. ಎಡ ಬಲವಾಗಿ, ಬಲ ಎಡವಾಗಿ ಕಾಣುವುದರಲ್ಲೇ ಅವಳ ಅನ್ನ.

ಬುಡಕ್ಕೆ ಬಂದು ಒಂದು ಉಸಿರು ತೆಗೆದುಕೊಂಡಳು. "ತಿರುವಲ್ಲಿ ಕಾಲು ತೆಗ್ದೆ, ತೆಗೀಬಾರ್ದಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೆ ಹತ್ತಿಸಿದಳು. ತಿರುವು ಬಂತು. ಕಾಲು ತೆಗೆಯಲಿಲ್ಲ. ಗಾಡಿಯ ಮೂತಿ ಆಕಾಶದಿಂದ ಕೆಳಗಿಳಿಯಿತು, ನೆಲ ಸಮನಾಯಿತು, ದೂರದಲ್ಲಿ ಕೊಲ್ಲಿ ಕಂಡಿತು. ಅವಳು ಹ್ಯಾಂಡ್ ಬ್ರೇಕು ಎಳೆದು, ಇಂಜಿನ್ನು ಆರಿಸಿ, ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳಲು ಹೋದಳು. ಹಾಕಿದ್ದು ಜಾಕೆಟ್ಟು. ನಗು ಬಂತು ಅವಳಿಗೆ. ನನಗೆ ಅಳು ಬಂದಿತ್ತು, ಒಂದು ಕಣ್ಣಿನಲ್ಲಲ್ಲ, ಎರಡರಲ್ಲೂ. ಕಾಣದ ಕಣ್ಣೂ ಆ ಕೆಲಸ ಮರೆತಿರಲಿಲ್ಲ.

ಕೆಳಗೆ ಮಂಗಳೂರಿನವರು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ತಲೆಯೆತ್ತಿ ನಿಂತಿದ್ದರು. ಈಗಲೇ ಹತ್ತಿ ಬನ್ನಿ, ಮರಳು ಗಟ್ಟಿಯಿದೆ ಎಂದು ವಾಕಿಟಾಕಿಯಲ್ಲಿ ಇವಳು ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಯಿ ಮುಕ್ಕಳಿಸಿ ಬಂದು ಅವರು ಉತ್ತರ ಕೊಟ್ಟರು. "ಇಡ್ಲಿ ಬೇಯ್ತಾ ಉಂಟು ಅಕ್ಕ. ರಾಹುಕಾಲ ಕಳ್ದು ಆರಾಮಲ್ಲಿ ಬರ್ತೇವೆ."

ನಾವಿಬ್ಬರೂ ಮೇಲೆ ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂತೆವು. ಬಿಸಿಲು ಏರಿತು. ಗೋಡೆಗಳ ಬಣ್ಣ ಬೂದಿಯಿಂದ ಕೆಂಪಿಗೆ, ಕೆಂಪಿನಿಂದ ಜೇನಿಗೆ ತಿರುಗಿತು. ನಾನು ಕೇಳಿದೆ, "ಇದೆಲ್ಲ ನಿನಗೆ ಯಾವಾಗ ಗೊತ್ತಾಯ್ತು?"

"ಯಾವ್ದು?"

"ಬೆಳಿಗ್ಗೆ ಹೋದ್ರೆ ಸುಲಭ ಅಂತ."

"ಮೊದಲನೇ ವರ್ಷವೇ ಅನುಮಾನ ಇತ್ತು. ಬೆಳಿಗ್ಗೆ ನಡೆಯೋಕೆ ಹೋದಾಗ ಕಾಲು ಹೂತ್ಕೊಳ್ತಾ ಇರ್ಲಿಲ್ಲ, ನೀವು ಹೊರಡೋ ಹೊತ್ತಿಗೆ ಹೂತ್ಕೊಳ್ಳೋದು. ಪಕ್ಕದಲ್ಲಿ ಸುಮ್ನೆ ಕೂತಿದ್ದೆ ಅಂದ್ಕೊಂಡ್ರಾ? ನೋಡ್ತಿದ್ದೆ."

"ಹೇಳ್ಬಾರ್ದಿತ್ತಾ?"

ಅವಳು ಲೋಟದ ತಳದ ಕಾಫಿಯನ್ನು ಮರಳಿಗೆ ಚೆಲ್ಲಿದಳು. "ಹೂತುಕೊಂಡ ಗಾಡಿ ಎತ್ತಿಸಿ ಮನೆಗೆ ಬಂದ ದಿನ ನೀವು ಎಷ್ಟು ಖುಷಿಯಾಗಿರ್ತಿದ್ರಿ. ಅದನ್ನ ಯಾಕೆ ಕೆಡಿಸ್ಲಿ."

ಹನ್ನೊಂದು ಚಳಿಗಾಲ ನನ್ನ ಪಕ್ಕದಲ್ಲಿ ಕೂತಿದ್ದವಳು ಹೆದರಿ ಹಿಡಿ ಹಿಡಿದುಕೊಂಡವಳಲ್ಲ, ನನ್ನ ಸಂತೋಷವನ್ನು ಕಾಯ್ದುಕೊಂಡು ಕೂತವಳು. ಅಷ್ಟು ದೊಡ್ಡ ಮನಸ್ಸು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಇದನ್ನು ಅವಳಿಗೆ ಹೇಳಿದೆ ಕೂಡ. "ಸಾಕು, ಬಿಸ್ಕತ್ತು ಕೊಡಿ" ಎಂದಳು.

ರಾಹುಕಾಲ ಕಳೆಯಿತು. ಮಂಗಳೂರಿನವರು ಶುಭಮುಹೂರ್ತದಲ್ಲಿ ಹೊರಟು ತಿರುವಿನ ಕೆಳಗೆ ಶುಭವಾಗಿ ಹೂತುಕೊಂಡರು. ಇಂಜಿನ್ನು ಅರಚಿತು, ಮರಳು ಕಾರಂಜಿಯಾಯಿತು, ಎಲ್ಲ ನಮ್ಮ ಹಳೆಯ ವೈಭವದಂತೆಯೇ. ಇವಳು ಗಾಡಿಯನ್ನು ಅಂಚಿನ ಗಟ್ಟಿನೆಲದ ಮೇಲೆ ತಂದು ನಿಲ್ಲಿಸಿದಳು. ನಾನು ಎಳೆಯುವ ಹಗ್ಗ ಎರಡನ್ನು ಕೂಡಿಸಿ ಕೆಳಗೆ ಬಿಟ್ಟೆ. ಅವರು ಕೊಕ್ಕೆ ಸಿಕ್ಕಿಸಿ ಕೈ ಎತ್ತಿದರು. ಎಳೆಯುವುದಕ್ಕೂ ಅವಳದು ಅದೇ ರೀತಿ. ಜಗ್ಗಲಿಲ್ಲ, ಗುದ್ದಲಿಲ್ಲ. ಅಲುಗದ ಹಲ್ಲನ್ನು ಕೀಳುವಾಗ ಮಾಡುವ ಹಾಗೆ ಮೆಲ್ಲಗೆ ಒತ್ತಡ ಕೊಟ್ಟು, ಅದು ತಾನಾಗಿ ಸಡಿಲವಾಗುವವರೆಗೆ ಕಾದಳು. ಗಾಡಿ ಬಂತು.

ಅವರು ಇಳಿದು ಬಂದು ಬೆವರು ಒರೆಸಿಕೊಂಡರು. ಕೈಯಲ್ಲಿ ನಮಗೆಂದು ಇಡ್ಲಿಯ ಡಬ್ಬಿ ಇತ್ತು. "ಅಲ್ಲ ಅಕ್ಕ, ಹಾಗಾದ್ರೆ ಇಷ್ಟು ವರ್ಷ ನಾವು ಎಂತ ಮಾಡಿದ್ದು?"

"ರಾಹುವಿನಿಂದ ತಪ್ಪಿಸ್ಕೊಂಡು ಸೂರ್ಯನ ಕೈಗೆ ಸಿಕ್ಕಿದ್ದು" ಎಂದೆ ನಾನು.

ಅವರು ನಮ್ಮ ಗಾಡಿಯ ಬಾನೆಟ್ಟನ್ನು ಒಮ್ಮೆ ಸವರಿದರು. ಆಸೆ ಇನ್ನೂ ಪೂರ್ತಿ ಹೋಗಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. "ಇದು ನಂಗೆ ಬೇಡ ಸರ್, ಇದಕ್ಕೆ ಆಳು ಸಿಕ್ಕಿ ಆಯ್ತು" ಎಂದರು. ಅದು ಅವರ ದೊಡ್ಡತನ.

ರಿಗ್ಗೈ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅವಳು ಟೆಂಟಿನ ಚೀಲ, ಪಾತ್ರೆಯ ಬುಟ್ಟಿ ತೆಗೆದುಕೊಂಡು ಲಿಫ್ಟಿಗೆ ಹೋದಳು. ಸ್ಟೀರಿಂಗಿನ ಕೆಳಗೆ ಉರುಳಿದ್ದ ಫ್ಲಾಸ್ಕನ್ನು ತೆಗೆಯಲು ನಾನು ಅವಳ ಸೀಟಿಗೆ ನುಗ್ಗಿ ಕೂತೆ. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಕೈ ತಾನಾಗಿ ಸೀಟಿನ ಅಡಿಯ ಸರಳಿಗೆ ಹೋಯಿತು. ಒಮ್ಮೆ ಎತ್ತಿದರೆ ಸಾಕು, ಅದು ಹಿಂದಕ್ಕೆ ಸರಿದು ನನ್ನ ಹಳೆಯ ಜಾಗದಲ್ಲಿ ಕೂರುತ್ತಿತ್ತು. ಕೈ ತೆಗೆದೆ. ಫ್ಲಾಸ್ಕು ಹಿಡಿದು ಇಳಿದು, ಗಾಡಿಯನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಪಕ್ಕದ ಸೀಟಿನಲ್ಲಿ ಕೂತೆ. ಅದರ ಸರಳು ಎಲ್ಲಿದೆಯೆಂದು ತಡಕಿ ಹುಡುಕಬೇಕಾಯಿತು. ಸಿಕ್ಕಿತು. ಕಟಕಟ ಎಂದು ಆ ಸೀಟನ್ನು ನನ್ನ ಕಾಲಿನ ಅಳತೆಗೆ ಹಿಂದಕ್ಕೆ ಸರಿಸಿಕೊಂಡೆ.